ಸಾಹೇಬರ ಹೆಸರು, ನನ್ನ ಕೈ

"ನೋಡಬಹುದು, ಮುಟ್ಟುವ ಹಾಗಿಲ್ಲ" ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನನ್ನ ಅಜ್ಜಿ ಆ ಮಾತನ್ನು ಬಾವಿಯ ಹತ್ತಿರ ಕೇಳಿದವಳು. ನನ್ನಪ್ಪ ಓದಿ ಮಾಸ್ತರರಾಗಿ, ಪಡಸಾಲೆಯಲ್ಲಿ ಬುದ್ಧನ ಫೋಟೊ ಹಾಕಿ, ನಮ್ಮ ಮನೆಯ ಮಟ್ಟಿಗೆ ಆ ಮಾತು ಮುಗಿಯಿತು ಎಂದುಕೊಂಡಿದ್ದರು. ನನಗೆ ಅದನ್ನು ಮತ್ತೆ ಹೇಳಿದ್ದು ಒಂದು ಕಂಪ್ಯೂಟರ್. ಯಾರೂ ಬೇಕೆಂದು ಹಾಗೆ ಮಾಡಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಬೇಕೆಂದು ಮಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ನಮ್ಮ ಕಡೆಯ ಒಂದು ಸಹಕಾರಿ ಬ್ಯಾಂಕು ತನ್ನ ಶಾಖೆಗಳನ್ನೆಲ್ಲ ಕಂಪ್ಯೂಟರಿನಿಂದ ಜೋಡಿಸಿತು. ಮುಖ್ಯ ಕಚೇರಿ ಬಸವನ ಬಾಗೇವಾಡಿಯಲ್ಲಿ; ಶಾಖೆಗಳು ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿ. ನಾನು ಪಾಲಿಟೆಕ್ನಿಕ್ ಮುಗಿಸಿದ್ದೆ. ಈ ನಾಲ್ಕೂ ಊರಿನ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ನನ್ನನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡರು. ಕೂರುವುದು ಸಿಂದಗಿ ಶಾಖೆಯಲ್ಲಿ, ಓಡುವುದು ನಾಲ್ಕೂ ಕಡೆ. ಚೆನ್ನಾಗಿ ಮಾಡಿದರೆ ವರ್ಷದ ಕೊನೆಗೆ ಕಾಯಂ ಮಾಡುತ್ತೇವೆ ಎಂದಿದ್ದರು. ಅಪ್ಪನಿಗೆ ನಾನು ಬಿ.ಇಡಿ. ಮಾಡಬೇಕೆಂಬ ಹಟ. ಇದನ್ನು ಹಿಡಿದದ್ದಕ್ಕೆ ಮನೆಯಲ್ಲಿ ದೊಡ್ಡ ಮಾತಾಯಿತು. "ಒಂದ್ ವರ್ಷ ಕೊಡ್ತೇನಿ. ಕಾಯಂ ಆಗಲಿಲ್ಲಂದ್ರ ಆ ವಯರ್ ಎಲ್ಲಾ ಬಿಟ್ಟು ನಾ ಹೇಳ್ದಂಗ ಕೇಳಬೇಕು" ಎಂದರು ಅಪ್ಪ. ನಾನು ಒಪ್ಪಿದೆ. ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತ ಬದುಕುವ ತಾಳ್ಮೆ ನನ್ನಲ್ಲಿಲ್ಲ. ನಾನೆಂಥವಳು ಎಂಬುದು ನನಗೆ ಗೊತ್ತಿತ್ತು.

ಆ ನೆಟ್‌ವರ್ಕನ್ನು ನಡೆಸುವ ತಂತ್ರಾಂಶ ನಮ್ಮಲ್ಲಿ ಇರಲಿಲ್ಲ. ಅದು ಬೆಂಗಳೂರಿನ ಒಂದು ಕಂಪನಿಯ ಯಂತ್ರಗಳಲ್ಲಿ ಎಲ್ಲೋ ಇತ್ತು. ಈಗ ಅದಕ್ಕೆ ಕ್ಲೌಡ್ ಎನ್ನುತ್ತಾರೆ. ನಾವು ಇಂಟರ್ನೆಟ್ಟಿನ ಮೂಲಕ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬೇಕು. ಒಳಗೆ ಹೋದವರಿಗೆ ಎರಡು ಕಟ್ಟಳೆ. ಏನು ಮಾಡಬಹುದು ಎನ್ನುವುದು ಒಂದು, ಎಲ್ಲಿ ಮಾಡಬಹುದು ಎನ್ನುವುದು ಇನ್ನೊಂದು. ಬಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ ಡ್ರೈವರೋ ಕಂಡಕ್ಟರೋ ಎನ್ನುವುದು ಅಧಿಕಾರ. ಇಂಡಿ ಡಿಪೋದವರೋ ಸಿಂದಗಿ ಡಿಪೋದವರೋ ಎನ್ನುವುದು ವ್ಯಾಪ್ತಿ. ಎರಡೂ ಸರಿಯಾಗಿದ್ದರೆ ಬಸ್ಸು ಹೊರಡುತ್ತದೆ.

ಇದನ್ನು ಹಂಚಿದ ದಿನ ಬಾಗೇವಾಡಿಯ ಕಚೇರಿಯಲ್ಲಿ ಪೂಜೆ ಇತ್ತು. ಮಾನಿಟರಿಗೆ ವಿಭೂತಿ ಹಚ್ಚಿ ಕಾಯಿ ಒಡೆದರು. ಬೆಂಗಳೂರಿನಿಂದ ಬಂದಿದ್ದ ಇಂಜಿನಿಯರು ಲ್ಯಾಪ್‌ಟಾಪ್ ತೆರೆದು, "ಯಾರ್‍ಯಾರಿಗೆ ಯಾವ ಪರ್ಮಿಷನ್ ಕೊಡಬೇಕು ಹೇಳಿ ಸರ್" ಎಂದ. ಬ್ಯಾಂಕಿನ ಅಧ್ಯಕ್ಷರು ಕ್ಷಣವೂ ಯೋಚಿಸಲಿಲ್ಲ.

"ಹಿರೇರಿಂದ ಸುರು ಮಾಡ್ರಿ" ಎಂದರು.

ಸತ್ಕಾರದಲ್ಲಿ ಶಾಲು ಹೊದಿಸುವ ಸರದಿಯಲ್ಲಿಯೇ ಅದು ನಡೆಯಿತು. ಎಲ್ಲಕ್ಕಿಂತ ದೊಡ್ಡ ಅಧಿಕಾರ, ನಾಲ್ಕೂ ಊರಿನ ವ್ಯಾಪ್ತಿ ಸಮೇತ, ಜನರಲ್ ಮ್ಯಾನೇಜರ್ ಸಾಹೇಬರಿಗೆ. ಅವರು ನಿವೃತ್ತಿಗೆ ಹತ್ತಿರವಿದ್ದವರು, ಬ್ಯಾಂಕು ಕಟ್ಟಿದವರಲ್ಲಿ ಒಬ್ಬರು, ಮೌಸ್ ಹಿಡಿದರೆ ಅದು ಓಡಿ ಹೋಗುತ್ತದೇನೋ ಎಂಬಂತೆ ಹಿಡಿಯುವವರು. ಅವರ ನಂತರ ನಿರ್ದೇಶಕರು, ತಮ್ಮ ತಮ್ಮ ತಾಲೂಕಿಗೆ. ಇಂಡಿಯ ನಿರ್ದೇಶಕರು ನಿಂಬೆಹಣ್ಣಿನ ವ್ಯಾಪಾರಿ. ಅವರಿಗೆ ಇಂಡಿಯ ರೂಟರಿನ ಮೇಲೆ ಸಂಪೂರ್ಣ ಹಕ್ಕು ಬಂತು. ರೂಟರ್ ಎಂದರೇನು ಎಂದು ಅವರು ಆಮೇಲೆ ನನ್ನನ್ನು ಮೆಲ್ಲಗೆ ಕೇಳಿದರು; ಶಾಖೆಯನ್ನು ನೆಟ್‌ವರ್ಕಿಗೆ ಜೋಡಿಸುವ ಡಬ್ಬಿ ಎಂದೆ. ನಿರ್ದೇಶಕರ ನಂತರ ಶಾಖೆಯ ಮ್ಯಾನೇಜರರು. ಕೊನೆಗೆ ನಾನು.

ಆ ಇಂಜಿನಿಯರಿಗೆ ಅಷ್ಟು ಬುದ್ಧಿ ಇತ್ತು. "ಸರ್, ದಿನಾ ಕೆಲಸ ಮಾಡೋರು ಇವರಲ್ವಾ? ಫುಲ್ ಪರ್ಮಿಷನ್ ಇವರಿಗೇ ಬೇಕಾಗತ್ತೆ" ಎಂದ. ಕೋಣೆಯಲ್ಲಿ ಯಾರೋ ಕೆಮ್ಮಿದರು.

"ಇಷ್ಟ್ ಮಂದಿ ಹಿರೇರು ಕುಂತಾಗ, ನಿನ್ನೆ ಮೊನ್ನೆ ಬಂದಾಕಿಗೆ ಪೂರಾ ಅಧಿಕಾರ ಕೊಟ್ರ ಹೆಂಗ ಕಾಣ್ತೈತ್ರಿ?" ಎಂದರು ಒಬ್ಬ ನಿರ್ದೇಶಕರು.

ಅಧ್ಯಕ್ಷರು ನ್ಯಾಯ ಹೇಳಿದರು: "ಅಕಿ ನೋಡ್ಲಿ. ಅಕಿ ಸಿಂದಗ್ಯಾಗ ಇರ್ತಾಳ, ಸಿಂದಗಿದಷ್ಟ ನೋಡ್ಲಿ. ಸಾಕಲ್ಲ?"

ಪೇಢೆ ಹಂಚಿದರು. ನನಗೂ ಕೊಟ್ಟರು, ಕೊನೆಯಲ್ಲಿ.

ಅವರಿಗೆ ಅದು ಕೆಲಸದ ಸಾಮಾನು ಎನ್ನಿಸಲೇ ಇಲ್ಲ, ಮರ್ಯಾದೆ ಎನ್ನಿಸಿತು. ಕಳೆ ತೆಗೆಯುವ ಕುರ್ಪಿ ಕೊಡುವಾಗ ಹೊಲಕ್ಕೆ ಹೋಗುವವರಿಗೆ ಕೊಡಬೇಕು ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಗೊತ್ತಿದ್ದೂ ಕಟ್ಟೆಯ ಮೇಲೆ ಕೂತವರಿಗೆ ಹಂಚಿದರು.

ಮೊದಲ ಸಲ ಇಂಡಿಯ ಶಾಖೆ ಕೆಟ್ಟಾಗ ನಾನು ನನ್ನ ಹೆಸರಿನಲ್ಲಿ ಒಳಗೆ ಹೋದೆ. ಇಂಡಿ ಎನ್ನುವ ಊರೇ ಅಲ್ಲಿರಲಿಲ್ಲ. ಪರದೆಯ ಮೇಲೆ ಸಿಂದಗಿ ಒಂದೇ. ಅದರ ಸೆಟ್ಟಿಂಗ್ ತೆರೆದು ನೋಡಿದರೆ ಸೇವ್ ಬಟನ್ ಬೂದಿ ಬಣ್ಣಕ್ಕೆ ತಿರುಗಿ ಸತ್ತು ಬಿದ್ದಿತ್ತು. ಬ್ರೌಸರ್ ಮುಚ್ಚಿ ತೆರೆದೆ. ಬೇರೆ ಕಂಪ್ಯೂಟರಿನಿಂದ ನೋಡಿದೆ. ಬೆಂಗಳೂರಿನ ಸಹಾಯವಾಣಿಗೆ ಫೋನು ಮಾಡಿದೆ.

"ನಿಮ್ಮ ಯೂಸರ್‌ಗೆ ಪರ್ಮಿಷನ್ ಇಲ್ಲ ಮೇಡಂ. ನಿಮ್ಮ ಅಡ್ಮಿನ್ ಹತ್ರ ಕೇಳಿ" ಎಂದ ಅಲ್ಲಿಯ ಹುಡುಗ.

"ಅಡ್ಮಿನ್‌ಗ ಕಂಪ್ಯೂಟರ್ ಚಾಲೂ ಮಾಡಾಕ ಬರೂದಿಲ್ಲೋ ಮಾರಾಯಾ. ನೀನ ಮಾಡಿಕೊಡು."

"ಯಾಕ್ ಮೇಡಂ ಬೈತೀರಾ?"

"ಬೈಯಾಕತ್ತಿಲ್ಲಪಾ. ನಾವ್ ಮಾತಾಡೂದ ಹಿಂಗ."

ಅದು ಅರ್ಧ ಸುಳ್ಳು. ಸಾಹೇಬರಿಗೆ ಫೋನು ಮಾಡಿದೆ. ಅವರು ನಗುತ್ತ, "ಅಷ್ಟಕ್ಕ ಯಾಕ ತಲಿ ಕೆಡಿಸ್ಕೋತಿ ತಂಗಿ? ನನ್ನ ಹೆಸರೀಲೆ ಹೊಕ್ಕು ಮಾಡಿಬಿಡು. ನಂದೇನ್, ನಿಂದೇನ್" ಎಂದರು. ಪಾಸ್‌ವರ್ಡ್ ಅವರ ಮನೆದೇವರ ಹೆಸರು. ಹೊಕ್ಕೆ, ಮಾಡಿದೆ, ಇಂಡಿ ಶುರುವಾಯಿತು.

ಅದೇ ರೂಢಿಯಾಯಿತು. ಒಬ್ಬರ ಪಾಸ್‌ವರ್ಡಿನಲ್ಲಿ ಇನ್ನೊಬ್ಬರು ಹೋಗಬಾರದು ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕೌಂಟರಿನ ಮುಂದೆ ಜನ ನಿಂತಿರುತ್ತಾರೆ, ಮ್ಯಾನೇಜರ್ ಫೋನಿನಲ್ಲಿ ಕಿರುಚುತ್ತಿರುತ್ತಾನೆ. ಆಗ ನಿಯಮ ಹಿಡಿದುಕೊಂಡು ಏನು ಮಾಡುವುದು? ತಂತ್ರಾಂಶವು ಆಗಾಗ ಹೊಸ ಪಾಸ್‌ವರ್ಡ್ ಕೇಳುತ್ತಿತ್ತು. ಸಾಹೇಬರು ಫೋನಿನಲ್ಲಿ ಒಂದು ಹೆಸರು ಹೇಳಿ ಅಲ್ಲಿಯೇ ಮರೆತುಬಿಡುತ್ತಿದ್ದರು. ಮನೆದೇವರಾದ ಮೇಲೆ ಮಡದಿ, ಆಮೇಲೆ ಮೊಮ್ಮಕ್ಕಳು, ಮೊಮ್ಮಕ್ಕಳ ಹೆಸರು ಮುಗಿದ ಮೇಲೆ ಎತ್ತುಗಳು. ಅವರ ಮನೆಯ ಮಂದಿ, ದನಕರು ಎಲ್ಲದರ ಹೆಸರೂ ನನಗೆ ಬಾಯಿಪಾಠ. ಅವರು ನನ್ನ ಹೆಸರನ್ನು ಒಮ್ಮೆಯೂ ಕರೆದದ್ದು ನೆನಪಿಲ್ಲ. ತಂಗಿ, ಅಷ್ಟೇ.

ಅವರು ಕೆಟ್ಟವರಲ್ಲ. ಇದನ್ನು ಹೇಳಲೇಬೇಕು, ಹೇಳುವಾಗ ಹಲ್ಲು ಕಡಿಯುತ್ತೇನೆ. ಬಾಗೇವಾಡಿಗೆ ಹೋದರೆ ಊಟ ಮಾಡದೆ ಬಿಡುತ್ತಿರಲಿಲ್ಲ. ಇಂಗಳೇಶ್ವರದ ಅವರ ಹೊಲದ ಹಸಿ ಕಡಲೆ ಸುಲಗಾಯಿ ಚೀಲದಲ್ಲಿ ತುಂಬಿ ಕೊಡುತ್ತಿದ್ದರು. ಕೆಟ್ಟವರಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ವರ್ಷದ ಕೊನೆಯ ಸಭೆ ಬಂತು. ಅದರಲ್ಲಿ ನನ್ನನ್ನು ಕಾಯಂ ಮಾಡುವ ವಿಷಯವಿತ್ತು. ಬೆಂಗಳೂರಿನ ಕಂಪನಿಯವರು ವರ್ಷದ ವರದಿ ಕಳಿಸಿದ್ದರು: ಯಾವ ಬಳಕೆದಾರ ಎಷ್ಟು ಸಲ ನೆಟ್‌ವರ್ಕಿನಲ್ಲಿ ದುರಸ್ತಿ, ಬದಲಾವಣೆ ಮಾಡಿದ್ದಾರೆ ಎಂದು. ಪರದೆಯ ಮೇಲೆ ಹಾಕಿದರು. ಸಾಹೇಬರ ಹೆಸರಿನ ಮುಂದೆ ನಕ್ಷೆಯ ಕಂಬ ಮೇಲಿನ ಅಂಚು ಮುಟ್ಟಿತ್ತು. ನನ್ನ ಹೆಸರಿನ ಮುಂದೆ ಸೊನ್ನೆ.

ಅಧ್ಯಕ್ಷರು ಕಣ್ಣು ತುಂಬಿಕೊಂಡರು. "ಈ ವಯಸ್ಸಿನ್ಯಾಗೂ ಸಾಹೇಬ್ರು ಎಷ್ಟು ದುಡಿತಾರ ನೋಡ್ರಿ" ಎಂದು ಶಾಲು ತರಿಸಿ ಅಲ್ಲಿಯೇ ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಿಂಬೆಹಣ್ಣಿನ ನಿರ್ದೇಶಕರು ನನ್ನ ಕಡೆ ತಿರುಗಿ, "ಮತ್ತ ಈ ಹುಡುಗಿ ವರ್ಷಪೂರ್ತಿ ಏನ್ ಮಾಡ್ಯಾಳ್ರಿ?" ಎಂದರು.

ನಾನು ಸಾಹೇಬರನ್ನು ನೋಡಿದೆ. ಹೆಗಲ ಮೇಲಿನ ಶಾಲು ಸರಿಮಾಡಿಕೊಳ್ಳುತ್ತಿದ್ದರು. ಈಗ ಹೇಳುತ್ತಾರೆ ಎಂದುಕೊಂಡೆ. ಒಂದೇ ಒಂದು ಮಾತು ಸಾಕಾಗಿತ್ತು.

"ಅಕಿನೂ ಸಹಾಯ ಮಾಡ್ಯಾಳ್ರಿ" ಎಂದರು.

ಅಂಗಾಲಿನಿಂದ ನೆತ್ತಿಯವರೆಗೆ ಬೆಂಕಿ ಹತ್ತಿತು. ಬಾಯಿ ತೆರೆದರೆ ಏನು ಬರುತ್ತದೋ ಎಂದು ತೆರೆಯಲಿಲ್ಲ. ಪಾಸ್‌ವರ್ಡ್ ಕದ್ದು ಬಳಸಿದಳು ಎಂದು ನನ್ನ ಮೇಲೆಯೇ ತಿರುಗಿಸಿದರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಮಂದಿಗೆ ಅದೇನು ಕಷ್ಟ? ನನ್ನ ವಿಷಯವನ್ನು ತಿಂಗಳ ಕೊನೆಗೆ ಮುಂದೂಡಿದರು. ಅಲ್ಲಿಯತನಕ ನನ್ನ ಕೆಲಸ ನೋಡಿ ತೀರ್ಮಾನಿಸುತ್ತಾರಂತೆ. ಯಾವ ಕೆಲಸ? ಮುಟ್ಟಲು ಬಿಡದ ಕೆಲಸ.

ಸಿಂದಗಿಯ ಬಸ್ಸಿನಲ್ಲಿ ಕಿಟಕಿಗೆ ತಲೆ ಇಟ್ಟು ಕೂತೆ. ಪಕ್ಕದ ಹೆಂಗಸು "ಯಾಕವಾ, ಮೈಯಾಗ ಆರಾಮ ಇಲ್ಲೇನ?" ಎಂದು ಕೇಳಿದಳು. "ಆರಾಮದೀನಿ" ಎಂದೆ. ಹಿಪ್ಪರಗಿ ದಾಟುವುದರೊಳಗೆ ಮನಸ್ಸಿನಲ್ಲಿ ಒಂದು ತೀರ್ಮಾನವಾಗಿತ್ತು. ಇನ್ನು ಮೇಲೆ ಅವರ ಹೆಸರಿನಲ್ಲಿ ನನ್ನ ಬೆರಳು ಒಂದು ಗುಂಡಿಯನ್ನೂ ಒತ್ತುವುದಿಲ್ಲ.

ಮುಂದಿನ ವಾರವೇ ಮುದ್ದೇಬಿಹಾಳದಲ್ಲಿ ಸಿಡಿಲು ಬಡಿದು ಶಾಖೆಯ ರೂಟರ್ ಸುಟ್ಟಿತು. ಕಂಪನಿಯವರು ಹೊಸದನ್ನು ಕಳಿಸಿದರು. ಮ್ಯಾನೇಜರರು ಅದನ್ನು ಜೋಡಿಸಿದರು. ದೀಪಗಳೆಲ್ಲ ಹಸಿರಾಗಿ ಉರಿದವು, ಕೌಂಟರ್ ಮಾತ್ರ ಶುರುವಾಗಲಿಲ್ಲ. ನನಗೆ ಫೋನು ಬಂತು. ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ ಹೋದೆ. ವಯರ್ ಇಲಿ ಕಡಿದಿರಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಹೋಗಿ ಒಂದೊಂದೇ ವಯರ್ ತಪಾಸಿಸಿದೆ, ಎಲ್ಲವೂ ಚೆನ್ನಾಗಿದ್ದವು. ಸಂತೆಯ ದಿನ ಬೇರೆ. ಬಾಗಿಲಿನವರೆಗೆ ಜನ.

ಸಹಾಯವಾಣಿಯ ಹುಡುಗ ಈಗ ನನ್ನ ದನಿ ಗುರುತು ಹಿಡಿಯುತ್ತಿದ್ದ. ನೋಡಿ ಹೇಳಿದ: "ಮೇಡಂ, ಹೊಸ ರೂಟರ್ ಇಲ್ಲಿಗೆ ಬಂದು ತಲುಪಿದೆ, ಆದರೆ ಯಾವ ಶಾಖೆಗೂ ಸೇರಿಸಿಲ್ಲ. ಹಾಗೇ ಹೊರಗಡೆ ಕೂತಿದೆ. ಮುದ್ದೇಬಿಹಾಳದ ಗುಂಪಿಗೆ ಸೇರಿಸಿದ ಕೂಡಲೇ ಸೆಟ್ಟಿಂಗ್ ಎಲ್ಲಾ ತಾನಾಗೇ ಇಳಿಯುತ್ತೆ."

"ನನಗ ಕಾಣಾಕತ್ತಿಲ್ಲಲ್ಲ ಅದು."

"ನಿಮ್ಮ ಸ್ಕೋಪ್, ಅಂದ್ರೆ ವ್ಯಾಪ್ತಿ, ಸಿಂದಗಿ ಮಾತ್ರ ಮೇಡಂ. ಮುದ್ದೇಬಿಹಾಳದ ಮ್ಯಾನೇಜರ್‌ಗೂ ಕಾಣಲ್ಲ, ಅವರ ಶಾಖೆಯೊಳಗೆ ಇನ್ನೂ ಬಂದಿಲ್ವಲ್ಲ. ನಾಲ್ಕೂ ಊರು ಇರೋರು ಒಬ್ಬರೇ, ನಿಮ್ಮ ಜಿ.ಎಂ. ಸರ್."

ಒಂದೇ ನಿಮಿಷದ ಕೆಲಸ. ಹೊರಗೆ ಕೂತದ್ದನ್ನು ಒಳಗೆ ಕರೆಯಬೇಕು, ಅಷ್ಟೇ. ಸಾಹೇಬರಿಗೆ ಫೋನು ಮಾಡಿ ವಿಷಯ ತಿಳಿಸಿದೆ.

"ಮಾಡಿಬಿಡಲ್ಲ ತಂಗಿ, ಪಾಸ್‌ವರ್ಡ್ ಐತಲ್ಲ ನಿನ್ನ ಕಡೆ."

"ಇಲ್ರಿ ಸಾಹೇಬ್ರ. ನಿಮ್ಮ ಹೆಸರಿನ ಕೆಲಸ ನೀವ ಬಂದು ಮಾಡ್ರಿ."

ಅತ್ತ ಅವರು ಡ್ರೈವರನನ್ನು ಕೂಗಿದ್ದು ಕೇಳಿಸಿತು. ಆಮೇಲೆ "ಬರ್ತೇನಿ" ಎಂದರು. ಬಾಗೇವಾಡಿಯಿಂದ ಅವರ ಜೀಪು ಬರುವತನಕ ಮುದ್ದೇಬಿಹಾಳದ ಮ್ಯಾನೇಜರು ನನ್ನನ್ನು ಬೈದರು, ಸಂತೆಗೆ ಬಂದವರು ಮ್ಯಾನೇಜರನ್ನು ಬೈದರು. ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಈ ದಿನವನ್ನೇ ನೆಪ ಮಾಡಿ ಕೆಲಸದಿಂದ ತೆಗೆಯಬಹುದಿತ್ತು, ಅಪ್ಪ ಬಿ.ಇಡಿ. ಕಾಲೇಜಿನ ಅರ್ಜಿ ತಂದಿಡಬಹುದಿತ್ತು. ಆದರೂ ಸಿಟ್ಟು ಹೆದರಿಕೆಗಿಂತ ದೊಡ್ಡದಿತ್ತು.

ಸಾಹೇಬರು ಬಂದು ಕಂಪ್ಯೂಟರಿನ ಮುಂದೆ ಕೂತರು. ಕನ್ನಡಕ ಹಾಕಿದರು, ತೆಗೆದರು, ಒರೆಸಿದರು. ಪಾಸ್‌ವರ್ಡಿನ ಜಾಗಕ್ಕೆ ಬಂದು ನಿಂತು ನನ್ನ ಕಡೆ ತಿರುಗಿದರು.

"ಯಾವದಿತ್ತ ತಂಗಿ ಅದು?"

"ನಿಮ್ಮ ಪಾಸ್‌ವರ್ಡ್ ನನಗ ಹೆಂಗ ಗೊತ್ತಿರಬೇಕ್ರಿ ಸಾಹೇಬ್ರ?"

ಒಂದೊಂದೇ ಅಕ್ಷರ ಹುಡುಕಿ ಎತ್ತಿನ ಹೆಸರು ಹೊಡೆದರು. ಆ ಎತ್ತು ಅಲ್ಲ. ಇನ್ನೊಂದು ಎತ್ತು ಹೊಡೆದರು. ಅದೂ ಅಲ್ಲ. ಮೊಮ್ಮಗಳನ್ನು ಹೊಡೆದರು. ಖಾತೆಗೆ ಬೀಗ ಬಿತ್ತು.

"ನೀನ ಕುಂದ್ರವಾ, ನೀನ ಮಾಡು" ಎಂದು ಎದ್ದರು.

"ನಾ ನೋಡಾಕಿರಿ ಸಾಹೇಬ್ರ. ಮುಟ್ಟಾಕಿ ಅಲ್ಲ" ಎಂದೆ. ಕೈ ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಮುದ್ದೇಬಿಹಾಳದ ಮ್ಯಾನೇಜರು ಬೈಗುಳ ಬಿಟ್ಟರೆ ಸಾಧು ಮನುಷ್ಯ, ಕುಹಕ ಗೊತ್ತಿಲ್ಲದವರು. ನಿಜವಾಗಿಯೂ ತಿಳಿಯದೆ ಕೇಳಿದರು: "ಅಲ್ರಿ ಸಾಹೇಬ್ರ, ವರ್ಷಪೂರ್ತಿ ನೀವ ಮಾಡೀರಿ ಅಂತ ಮೊನ್ನೆ ಶಾಲು ಹೊಚ್ಚಿದ್ವಲ್ಲ. ಇವತ್ತ್ ಏನಾತ್ರಿ?"

ಸಾಹೇಬರು ಸಹಾಯವಾಣಿಗೆ ಫೋನು ಮಾಡಿದರು. ಬೀಗ ತೆಗೆಯಬೇಕಾದರೆ ಆ ಹುಡುಗ ಒಂದು ಪ್ರಶ್ನೆ ಕೇಳಬೇಕು, ಅದು ಅಲ್ಲಿಯ ನಿಯಮ. ಅವನ ದನಿ ಆ ಸಣ್ಣ ಕೋಣೆಯಲ್ಲಿ ನಮಗೂ ಕೇಳಿಸುತ್ತಿತ್ತು.

"ಸರ್, ನೀವೇ ಅಂತ ಖಾತ್ರಿ ಮಾಡ್ಕೋಬೇಕು. ನೀವು ಕೊನೇ ಸಲ ಮಾಡಿದ ಬದಲಾವಣೆ ಯಾವುದು ಹೇಳಿ."

ಅದು ಇಂಡಿ ಶಾಖೆಗೆ ಎರಡನೆಯ ಇಂಟರ್ನೆಟ್ ಲೈನು ಸೇರಿಸಿದ್ದು. ನಾನು ಸಿಂದಗಿಯಲ್ಲಿ ಕೂತು, ಊಟ ಬಿಟ್ಟು, ಅವರ ಕಂದು ಎತ್ತಿನ ಹೆಸರಿನಲ್ಲಿ ಹೊಕ್ಕು ಮಾಡಿದ್ದೆ. ಸಾಹೇಬರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಸಭೆಯಲ್ಲಿ ನಾನು ಹೀಗೆಯೇ ಅವರ ಬಾಯಿ ನೋಡಿದ್ದೆ.

ಬಾಗಿಲಲ್ಲಿ ನಿಂತಿದ್ದ ಒಬ್ಬ ಮುದುಕಿ, "ಯಾರರ ಮಾಡ್ರಿ ನಮ್ಮಪ್ಪಾ. ನನ್ನ ಬಸ್ ಹೋಗತೈತಿ" ಎಂದಳು.

ಸಾಹೇಬರು ಕುರ್ಚಿಯ ಮೇಲೆ ಮತ್ತೆ ಕೂತರು. "ಗೊತ್ತಿಲ್ಲಪಾ" ಎಂದರು ಫೋನಿನಲ್ಲಿ. "ನಾ ಮಾಡಿಲ್ಲ. ಅದನ್ನಷ್ಟ ಅಲ್ಲ, ಒಂದೂ ನಾ ಮಾಡಿಲ್ಲ. ಎಲ್ಲಾ ಈ ಹುಡುಗಿ ಮಾಡ್ಯಾಳ, ನನ್ನ ಹೆಸರೀಲೆ."

ಅತ್ತ ಹುಡುಗ, "ಹಾಗಾದ್ರೆ ಸರ್, ಪರ್ಮಿಷನ್ ಅವರಿಗೇ ಕೊಟ್ಟುಬಿಡಬಹುದಲ್ವಾ?" ಎಂದ.

"ಕೊಡು."

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ, ಅದಕ್ಕೆ ಅಧ್ಯಕ್ಷರ ಇಮೇಲ್ ಬೇಕಾಯಿತು. ಸಾಹೇಬರು ಅವರಿಗೂ ಫೋನು ಮಾಡಿ, ಮ್ಯಾನೇಜರನ ಮುಂದೆ, ಸಂತೆಯ ಜನದ ಮುಂದೆ ಅದೇ ಮಾತನ್ನು ಮತ್ತೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವಾಗ ಅವರ ದನಿ ಸಣ್ಣದಾಗಿತ್ತು. ನನಗೆ ಪಾಪ ಎನ್ನಿಸಬೇಕಾಗಿತ್ತೇನೋ. ಎನ್ನಿಸಲಿಲ್ಲ.

ಇಮೇಲ್ ಬಂದ ಮೇಲೆ ಸಹಾಯವಾಣಿಯ ಹುಡುಗ ಸುಲಭದ ದಾರಿ ಹಿಡಿದ. ಸಾಹೇಬರಿಗೆ ಏನೇನಿತ್ತೋ ಅದನ್ನೆಲ್ಲ ಹಾಗೆಯೇ ನಕಲು ಮಾಡಿ ನನ್ನ ಹೆಸರಿಗೆ ಅಂಟಿಸಿದ. ಅವರ ಖಾತೆಯ ಬೀಗವನ್ನೂ ತೆಗೆದ. ನಾನು ನನ್ನ ಹೆಸರಿನಲ್ಲಿ, ನನ್ನ ಪಾಸ್‌ವರ್ಡಿನಲ್ಲಿ ಒಳಗೆ ಹೋದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಪರದೆಯ ಮೇಲೆ ಕಾಣಿಸಿದವು. ಹೊರಗೆ ಕೂತ ರೂಟರನ್ನು ಮುದ್ದೇಬಿಹಾಳಕ್ಕೆ ಸೇರಿಸಿದೆ. ಸೇವ್ ಬಟನ್‌ಗೆ ಬಣ್ಣ ಬಂದಿತ್ತು. ಒತ್ತಿದೆ. ಸ್ವಲ್ಪ ಹೊತ್ತಿಗೆ ಕೌಂಟರಿನ ಕಡೆಯಿಂದ "ಬಂತ್ರಿ" ಎಂಬ ಕೂಗು ಕೇಳಿಸಿತು. ಮುದುಕಿ ನನ್ನ ಕಡೆ ನೋಡದೆ ಕೌಂಟರಿಗೆ ಓಡಿದಳು.

ತಿಂಗಳ ಕೊನೆಗೆ ಕಾಯಂ ಆದೇಶ ಬಂತು. ಸಾಹೇಬರೇ ಕೈಯಾರೆ ಕೊಟ್ಟರು. "ಸಿಟ್ಟು ಇಟ್ಕೋಬ್ಯಾಡ ತಂಗಿ" ಎಂದರು. "ಇಲ್ರಿ ಸಾಹೇಬ್ರ" ಎಂದೆ. ಅಪ್ಪ ಆದೇಶವನ್ನು ಬುದ್ಧನ ಫೋಟೊದ ಮುಂದೆ ಇಟ್ಟು, ಬಿ.ಇಡಿ. ಮಾತನ್ನು ಮತ್ತೆ ಎತ್ತಲಿಲ್ಲ.

ಆದರೆ ನಾನು ಇನ್ನೂ ಒಂದು ಕೆಲಸ ಮಾಡಿದ್ದೆ. ಅದು ಅದೇ ದಿನ ಮುದ್ದೇಬಿಹಾಳದಲ್ಲಿ, ಸಾಹೇಬರು ಹೊರಗೆ ಚಹಾ ಕುಡಿಯುತ್ತಿದ್ದಾಗ. ಅವರ ಅಧಿಕಾರವನ್ನು ಇಡಿಯಾಗಿ ನಕಲು ಮಾಡಿದ್ದರಿಂದ, ಯಾರಿಗೆ ಯಾವ ಅಧಿಕಾರ ಎಂದು ಬದಲಿಸುವ ಬಳಕೆದಾರರ ಪುಟವೂ ನನಗೆ ತೆರೆಯುತ್ತಿತ್ತು. ವರ್ಷಪೂರ್ತಿ ಅವರ ಹೆಸರಿನಲ್ಲಿ ಹೊಕ್ಕಾಗ ಆ ಪುಟವನ್ನು ನಾನು ಮುಟ್ಟಿರಲಿಲ್ಲ. ಅವರ ಹೆಸರನ್ನು ಹುಡುಕಿದೆ. ಏನು ಮಾಡಬಹುದು ಎಂಬಲ್ಲಿ "ನೋಡಬಹುದು" ಎಂದು ಇಟ್ಟೆ. ಎಲ್ಲಿ ಎಂಬಲ್ಲಿ ಬಸವನ ಬಾಗೇವಾಡಿ ಒಂದನ್ನೇ ಉಳಿಸಿದೆ. ಅವರು ಕೂರುವುದು ಅಲ್ಲಿಯೇ ಅಲ್ಲವೇ, ಸಾಕಲ್ಲ?

ಅವರು ಒಮ್ಮೆಯೂ ಒಳಗೆ ಹೋಗಿ ನೋಡಲಿಲ್ಲ. ಎರಡು ವರ್ಷದ ಮೇಲೆ ಬೀಳ್ಕೊಡುವ ಸಮಾರಂಭ ನಡೆಯಿತು. ಮೈಕಿನ ಮುಂದೆ ನಿಂತು, "ಇವತ್ತಿನ ತನಕಾ ಈ ಬ್ಯಾಂಕಿನ ನೆಟ್‌ವರ್ಕ್ ಪೂರಾ ನನ್ನ ಕೈಯಾಗ ಇತ್ತು. ಇನ್ನ ಮ್ಯಾಲ ನೀವೆಲ್ಲಾ ನೋಡ್ಕೋರಿ" ಎಂದರು. ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.